ಓದುಗರ ಪ್ರಶ್ನೆ: ಬಳ್ಳಾರಿ ಜಾಲಿಯನ್ನು ಲೇಥಿಗೆ ಹಚ್ಚಬಹುದೇ?

ಮರಗೆಲಸದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ತೇಗ, ಬೀಟೆ, ಬೇವುಗಳ ವಿಚಾರವೇ ಹೆಚ್ಚು. ಈ ಸಲ ಮಾತ್ರ ಗದಗ, ಹಾವೇರಿ, ಹುಬ್ಬಳ್ಳಿ–ಧಾರವಾಡಗಳಿಂದ ಬಂದ ಆರು ಪತ್ರಗಳೂ ಬಳ್ಳಾರಿ ಜಾಲಿಯನ್ನೇ ಕುರಿತು ಕೇಳಿವೆ. ಆದ್ದರಿಂದ ಉಳಿದ ವಿಷಯಗಳನ್ನು ಮುಂದಕ್ಕೆ ಹಾಕಿ, ಇಡೀ ಅಂಕಣವನ್ನು ಈ ಮುಳ್ಳಿನ ಮರಕ್ಕೇ ಬಿಟ್ಟುಕೊಟ್ಟಿದ್ದೇನೆ.

ನಮ್ಮ ಹೊಲದ ಬದುವಿನಲ್ಲಿ ಹಬ್ಬಿದ್ದ ಬಳ್ಳಾರಿ ಜಾಲಿಯನ್ನು ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದೆವು. ತೊಡೆಗಾತ್ರದ ನಾಲ್ಕೈದು ಬೊಡ್ಡೆಗಳು ಸಿಕ್ಕಿವೆ. ನಾನು ತೇಗ ಮತ್ತು ಬೇವಿನಲ್ಲಿ ಮಂಚದ ಕಾಲು, ತೊಟ್ಟಿಲಿನ ಕಂಬಗಳನ್ನು ಕಡೆಯುವವನು. ಈ ಕಟ್ಟಿಗೆಯನ್ನು ಎಂದೂ ಲೇಥಿಗೆ ಹಚ್ಚಿಲ್ಲ. ಊರಿನ ಹಿರಿಯ ಬಡಿಗರು, “ಅದು ಒಲೆಗೆ ಹುಟ್ಟಿದ ಕಟ್ಟಿಗೆ, ಒಣಗಿದರೆ ಸೀಳುತ್ತದೆ, ನಿನ್ನ ಉಳಿಗಳೂ ಹಾಳಾಗುತ್ತವೆ” ಎನ್ನುತ್ತಾರೆ. ಇದರಲ್ಲಿ ಬಟ್ಟಲು ಕಡೆಯಬಹುದೇ? ಹೇಗೆ ಒಣಗಿಸಬೇಕು?
— ಓದುಗರು, ಗದಗ ತಾಲೂಕು

ಕಡೆಯಬಹುದು, ತೇಗದಲ್ಲಿ ಪಳಗಿದ ಕೈಗೆ ಇದು ಹಿಡಿಸಲೂಬಹುದು. ಹಿರಿಯರು ಒಲೆಯ ಮಾತು ಹೇಳಿದ್ದು ಸುಳ್ಳಲ್ಲ. ಈ ಕಟ್ಟಿಗೆ ಬಿಗಿಯಾಗಿದೆ, ನಿಧಾನವಾಗಿ ಉರಿಯುತ್ತದೆ, ಒಳ್ಳೆಯ ಇದ್ದಿಲು ಕೊಡುತ್ತದೆ. ಆದರೆ ಒಲೆಯಲ್ಲಿ ಅದನ್ನು ಒಳ್ಳೆಯದಾಗಿಸುವ ಆ ಬಿಗಿಯೇ ಲೇಥಿನ ಮೇಲೆಯೂ ಅದರ ಗುಣ ಎಂಬುದನ್ನು ಅವರು ಗಮನಿಸಿದಂತಿಲ್ಲ. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ, ಜಾಲಿಯ ಈ ಕುಲದ ಕಟ್ಟಿಗೆ 800 ಕಿಲೋದ ಆಸುಪಾಸಿನಲ್ಲಿರುತ್ತದೆ. ಹರಿತವಾದ ಉಳಿ ತಾಗಿದರೆ ನಾರು ಕಿತ್ತುಬರದೆ ನಯವಾಗಿ ಕೊಯ್ದುಕೊಳ್ಳುತ್ತದೆ. ಹಸಿಯಿದ್ದಾಗಲಂತೂ ಸಿಪ್ಪೆಗಳು ಉದ್ದುದ್ದ ಎಳೆಗಳಾಗಿ ಹೆಗಲ ಮೇಲಿಂದ ಹಾರಿ ಹೋಗುತ್ತವೆ.

ಸೀಳುವ ವಿಚಾರದಲ್ಲಿ ಮಾತ್ರ ನಿಮ್ಮ ಹಿರಿಯರ ಜೊತೆ ನನ್ನ ತಕರಾರಿದೆ. ಕಟ್ಟಿಗೆ ಒಣಗುವಾಗ ವರ್ಷವಲಯಗಳ ಗುಂಟ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದೇ ಇಲ್ಲವೆನ್ನಬಹುದು. ಈ ಎಳೆದಾಟವೇ ಸೀಳಿಗೆ ಕಾರಣ. ತೇಗವು ಹಸಿಯಿಂದ ಪೂರ್ತಿ ಒಣಗುವ ತನಕ ವಲಯಗಳ ಗುಂಟ ಶೇ 5ಕ್ಕಿಂತ ತುಸು ಹೆಚ್ಚು ಕುಗ್ಗಿದರೆ, ಅಮೆರಿಕದಲ್ಲಿ ಮೆಸ್ಕೀಟ್ ಎಂದು ಕರೆಯುವ ಇದೇ ಕುಲದ ಮರ ಶೇ 3ರಷ್ಟೂ ಕುಗ್ಗುವುದಿಲ್ಲ. ಆರು ಇಂಚಿನ ಬಟ್ಟಲಿನ ಬಾಯಿಯಲ್ಲಿ ಅಳೆದರೆ, ತೇಗದಲ್ಲಿ ಎಂಟು ಮಿಲಿಮೀಟರ್ ಆಗುವ ಕುಗ್ಗುವಿಕೆ ಇದರಲ್ಲಿ ನಾಲ್ಕೇ ಮಿಲಿಮೀಟರ್ ಆದೀತು. ಹಸಿಯಲ್ಲೇ ಕಡೆದಿಟ್ಟರೂ ಮೊಟ್ಟೆಯ ಆಕಾರಕ್ಕೆ ತಿರುಗದ ಕಟ್ಟಿಗೆಗಳು ತೀರ ಕಡಿಮೆ, ಇದು ಅವುಗಳಲ್ಲೊಂದು.

ಹಾಗಿದ್ದರೆ ನಾವೆಲ್ಲ ಕಂಡ ಆ ಬಿರುಕುಗಳು ಎಲ್ಲಿಂದ ಬಂದವು? ಬಹಳಷ್ಟು ಬಿರುಕುಗಳು ಕಡಿಯುವ ಮೊದಲೇ ಮರದೊಳಗೆ ಇರುತ್ತವೆ. ಬಳ್ಳಾರಿ ಜಾಲಿ ಒಂಟಿ ಕಾಂಡವಾಗಿ ನೆಟ್ಟಗೆ ಬೆಳೆಯುವ ಮರವಲ್ಲ. ಒಂದೇ ಬುಡದಿಂದ ಮೂರು ನಾಲ್ಕು ಕಾಂಡಗಳು ಒತ್ತೊತ್ತಾಗಿ ಎದ್ದು, ದಪ್ಪವಾಗುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂಡಿದ ಕಡೆ ಎರಡರ ತೊಗಟೆಯೂ ನಡುವೆ ಸಿಕ್ಕಿಬಿದ್ದು ಮಡಿಕೆಯಾಗಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿ ಬೊಡ್ಡೆ, ಒಳಗೆ ಕಾಗದದಷ್ಟು ತೆಳ್ಳನೆಯ ಕಪ್ಪು ಗೆರೆ. ನಾನು ಹುಬ್ಬಳ್ಳಿಯ ನನ್ನ ಶೆಡ್ಡಿನಲ್ಲಿ ಈ ಕಟ್ಟಿಗೆಯನ್ನು ಮೊದಲ ಸಲ ಹಚ್ಚಿದಾಗ ಆ ಗೆರೆಯನ್ನು ಬಣ್ಣದ ಎಳೆಯೆಂದು ತಿಳಿದು ಸಂತೋಷಪಟ್ಟೆ. ಬಟ್ಟಲಿನ ಗೋಡೆ ಅರ್ಧ ಇಂಚಿಗೆ ಇಳಿಯುತ್ತಿದ್ದಂತೆ ಅರ್ಧ ಬಟ್ಟಲು ತುಂಡನ್ನು ಕಚ್ಚಿ ಹಿಡಿಯುವ ಚಕ್‌ನಲ್ಲಿ ಉಳಿಯಿತು, ಇನ್ನರ್ಧ ನನ್ನ ಕಿವಿಯ ಪಕ್ಕದಿಂದ ಹಾದು ಟ್ಯೂಬ್‌ಲೈಟನ್ನು ಒಡೆಯಿತು. ಅಂದಿನಿಂದ ಹಚ್ಚುವ ಮೊದಲು ಪ್ರತಿ ತುಂಡನ್ನೂ ಕೈಯಲ್ಲಿ ತೂಗಿ ಹಿಡಿದು ಸಣ್ಣ ಸುತ್ತಿಗೆಯಿಂದ ಸುತ್ತಲೂ ಬಡಿದು ಕೇಳುತ್ತೇನೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವ ಹಾಗೆಯೇ ಇದು: ಗಟ್ಟಿ ತುಂಡು ಠಣ್ ಎನ್ನುತ್ತದೆ, ಒಳಗೆ ಒಡಕಿದ್ದದ್ದು ಬೊದ್ ಎನ್ನುತ್ತದೆ.

ಇನ್ನು ಒಣಗಿಸುವುದು. ನಿಮ್ಮ ಬೊಡ್ಡೆಗಳನ್ನು ಕಿತ್ತು ಎಷ್ಟು ದಿನವಾಯಿತೆಂದು ನೀವು ಬರೆದಿಲ್ಲ. ಇನ್ನೂ ಹಸಿಯಾಗಿದ್ದರೆ ಇಂದೇ ಕೆಲಸಕ್ಕೆ ತೊಡಗಿ. ಮೊದಲು ತೊಗಟೆಯನ್ನು ಪೂರ್ತಿ ಸುಲಿದು ತೆಗೆಯಿರಿ. ಆಮೇಲೆ ಪ್ರತಿ ಬೊಡ್ಡೆಯನ್ನೂ ನಟ್ಟನಡುವಿನ ತಿರುಳಿನ ಗುಂಟ ಉದ್ದಕ್ಕೆ ಎರಡು ಹೋಳಾಗಿ ಸೀಳಿಸಿ, ತಿರುಳಿನ ಅಕ್ಕಪಕ್ಕದ ಅರ್ಧ ಇಂಚನ್ನು ತೆಗೆಸಿಬಿಡಿ. ಇಡೀ ಬೊಡ್ಡೆಯಾಗಿ ಬಿಟ್ಟರೆ ಅದು ತಾನೇ ಸೀಳಿಕೊಳ್ಳುತ್ತದೆ, ಅದೂ ನಿಮಗೆ ಬೇಡದ ಜಾಗದಲ್ಲಿ. ಎರಡೂ ತುದಿಗಳ ಕೊಯ್ದ ಮುಖಗಳಿಗೆ ಕರಗಿಸಿದ ಮೇಣವನ್ನು ಬಳಿಯಿರಿ; ಮೇಣವಿಲ್ಲದಿದ್ದರೆ ಹಳೆಯ ಆಯಿಲ್ ಪೇಂಟನ್ನು ಎರಡು ಸಲ ದಪ್ಪಗೆ ಹಚ್ಚಿದರೂ ನಡೆದೀತು. ತುದಿಗಳಿಂದ ನೀರು ಪಕ್ಕಗಳಿಗಿಂತ ಹಲವು ಪಟ್ಟು ಬೇಗ ಹೋಗುವುದರಿಂದ ಬಿರುಕು ಅಲ್ಲಿಯೇ ಬಾಯಿ ಬಿಡುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಗದಗದ ಒಣಗಾಳಿಗೆ ಇದನ್ನು ತೆರೆದಿಡುವುದೆಂದರೆ ಹಪ್ಪಳ ಒಣಗಿಸಿದಂತೆ. ಮನೆಯ ಒಳಗೆ, ನೆಲದಿಂದ ಮೇಲೆ, ಗಾಳಿ ನೇರವಾಗಿ ಬೀಸದ ಮೂಲೆಯಲ್ಲಿ, ತುಂಡು ತುಂಡುಗಳ ನಡುವೆ ಪಟ್ಟಿಗಳನ್ನಿಟ್ಟು ಜೋಡಿಸಿ.

ಬಟ್ಟಲು ಮಾಡುವುದಿದ್ದರೆ ವರ್ಷಗಟ್ಟಲೆ ಕಾಯುವ ಬದಲು ಎರಡು ಹಂತದಲ್ಲಿ ಕಡೆಯುವುದು ಒಳ್ಳೆಯದು. ಹಸಿಯಲ್ಲೇ ಬಟ್ಟಲಿನ ಒರಟು ಆಕಾರ ತೆಗೆದು, ಗೋಡೆಯ ದಪ್ಪವನ್ನು ಅಗಲದ ಹತ್ತನೆಯ ಒಂದು ಭಾಗದಷ್ಟು ಉಳಿಸಿಕೊಳ್ಳಿ; ಆರು ಇಂಚಿಗೆ ಮುಕ್ಕಾಲು ಇಂಚಿಗಿಂತ ತುಸು ಕಡಿಮೆ. ಅದನ್ನು ಅದರದೇ ಸಿಪ್ಪೆಗಳ ಜೊತೆ ಗೋಣಿಚೀಲದಲ್ಲಿ ಕಟ್ಟಿಟ್ಟು, ಮೈಮೇಲೆ ಪೆನ್ಸಿಲಿನಿಂದ ತೂಕ ಬರೆದು, ಪ್ರತಿ ಸಂತೆಯ ದಿನ ಮತ್ತೆ ತೂಗಿ ಕೆಳಗೆ ಬರೆಯುತ್ತಾ ಹೋಗಿ. ಮೊದಲ ವಾರಗಳಲ್ಲಿ ಅಂಕಿ ಜೋರಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಮೂರು ವಾರ ಒಂದೇ ಅಂಕಿ ಬಂದರೆ ಕಟ್ಟಿಗೆ ನಿಮ್ಮ ಮನೆಯ ಹವೆಗೆ ಹೊಂದಿಕೊಂಡಿದೆಯೆಂದೇ ಅರ್ಥ. ಆಗ ಎರಡನೆಯ ಸಲ ಚಕ್ಕಿಗೆ ಹಚ್ಚಿ ಅಂತಿಮ ಆಕಾರಕ್ಕೆ ತನ್ನಿ. ಮಳೆಗಾಲದಲ್ಲಿ ತೂಕ ಸ್ವಲ್ಪ ಏರಿದರೆ ಗಾಬರಿಯಾಗಬೇಡಿ.

ಉಳಿಗಳ ವಿಚಾರ: ತೇಗದಲ್ಲಿ ಮರಳಿನಂಥ ಸಿಲಿಕಾ ಅಂಶ ಇರುವುದರಿಂದ ಅಲಗಿನ ಮೊನೆ ಸವೆಯುವುದು ನಿಮಗೆ ಗೊತ್ತೇ ಇದೆ. ಜಾಲಿಯಲ್ಲಿ ಆ ಕಾಟ ಅಷ್ಟಿಲ್ಲ, ಆದರೆ ಒಣಗಿದ ಮೇಲೆ ಅದು ಗಡಸು. ಹಳೆಯ ಅರದಿಂದ ಮಾಡಿಸಿದ ಉಳಿಗಳು ಬೇಗ ಮೊಂಡಾಗುತ್ತವೆ, ಏಟಿಗೆ ಮುರಿಯಲೂಬಹುದು. ಹೈಸ್ಪೀಡ್ ಸ್ಟೀಲಿನ ಗೌಜ್ (ತಗ್ಗು ಅಲಗಿನ ಉಳಿ) ಒಂದನ್ನು ಇಟ್ಟುಕೊಳ್ಳುವುದು ಲೇಸು. ಜೆಸಿಬಿಯಿಂದ ಕಿತ್ತ ಬುಡವಾದ್ದರಿಂದ ಬೇರಿನ ಸಂದುಗಳಲ್ಲಿ ಎರೆಮಣ್ಣೂ ಸಣ್ಣ ಕಲ್ಲುಗಳೂ ಸಿಕ್ಕಿಕೊಂಡಿರುತ್ತವೆ. ತಂತಿಯ ಬ್ರಷ್ಷಿನಿಂದ ಉಜ್ಜಿ ತೊಳೆಯದೆ ಲೇಥಿಗೆ ಹಚ್ಚಿದರೆ ಉಳಿ ಹಾಳಾಗುತ್ತದೆ. ಹಿರಿಯರು ಕಂಡದ್ದು ಬಹುಶಃ ಇದನ್ನೇ.

ಬಳ್ಳಾರಿ ಜಾಲಿಯ ತುಂಡುಗಳನ್ನು ಎರಡು ತಿಂಗಳ ಹಿಂದೆ ಅಟ್ಟದ ಮೇಲೆ ಇಟ್ಟಿದ್ದೆ. ಈಗ ಕೆಳಗೆ ಮೈದಾಹಿಟ್ಟಿನಂಥ ಪುಡಿ ಬಿದ್ದಿದೆ, ಕಟ್ಟಿಗೆಯಲ್ಲಿ ಸೂಜಿಯ ತೂತುಗಳಿವೆ. ಎಲ್ಲವನ್ನೂ ಒಲೆಗೆ ಹಾಕಬೇಕೇ?
— ಓದುಗರು, ಬ್ಯಾಡಗಿ

ಎಲ್ಲವನ್ನೂ ಹಾಕಬೇಕಿಲ್ಲ. ಒಂದು ತುಂಡಿನ ತುದಿಯನ್ನು ಹೊಸದಾಗಿ ಕೊಯ್ದು ನೋಡಿ: ತೊಗಟೆಯ ಒಳಗೆ ಮಾಸಲು ಹಳದಿಯ ಒಂದು ಬಳೆ, ಅದರ ಒಳಗೆ ಕೆಂಗಂದು ಬಣ್ಣದ ಗಟ್ಟಿ ಒಳಮರ, ಅಂದರೆ ಕೆಚ್ಚು, ಕಾಣುತ್ತದೆ. ತೂತುಗಳು ಬಹುಪಾಲು ಆ ಹಳದಿ ಬಳೆಯಲ್ಲೇ ಇರುತ್ತವೆ. ಹುಳು ಬರುವುದು ಅಲ್ಲಿರುವ ಗಂಜಿಯ ಆಸೆಗೆ. ಕೆಚ್ಚಿನಲ್ಲಿ ಅದಕ್ಕೆ ಊಟವಿಲ್ಲ. ಬಾಚಿಯಿಂದ ಬಿಳಿಭಾಗವೆನ್ನುವ ಆ ಹಳದಿ ಬಳೆಯನ್ನೆಲ್ಲ ಕೆತ್ತಿ ತೆಗೆದು, ಕೆಚ್ಚನ್ನು ಉಳಿಸಿಕೊಳ್ಳಿ. ಕೆತ್ತಿದ್ದನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಅಂದೇ ಸುಟ್ಟುಬಿಡಿ. ಇಲ್ಲವಾದರೆ ಹುಳು ನಿಮ್ಮ ಮನೆಯ ಬಾಗಿಲ ಚೌಕಟ್ಟಿನ ಬಿಳಿಭಾಗವನ್ನು ಹುಡುಕಿಕೊಂಡು ಹೋದೀತು. ಮುಂದಿನ ಸಲ ಕಡಿದ ದಿನವೇ ತೊಗಟೆ ಸುಲಿಯಿರಿ. ಬಿಳಿ–ಕೆಂಪು ಎರಡು ಬಣ್ಣದ ಬಟ್ಟಲೇ ಬೇಕೆನ್ನುವವರು ಹಸಿ ತುಂಡುಗಳನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಮುಳುಗಿಸಿಡುತ್ತಾರೆ. ಅಂಥ ಕಟ್ಟಿಗೆ ಶೋಕೇಸಿಗೆ ಸರಿ, ಅಡುಗೆಮನೆಗೆ ಬೇಡ.

ಈ ಕಟ್ಟಿಗೆಯಲ್ಲಿ ಲಟ್ಟಣಿಗೆ ಮತ್ತು ಮಜ್ಜಿಗೆಯ ಕಡಗೋಲು ಮಾಡಿಸಬೇಕೆಂದಿದ್ದೇನೆ. ಊಟದ ಪದಾರ್ಥಕ್ಕೆ ತಾಗಿದರೆ ತೊಂದರೆಯುಂಟೇ? ಯಾವ ಎಣ್ಣೆ ಹಚ್ಚಬೇಕು?
— ಗೃಹಿಣಿ, ಹುಬ್ಬಳ್ಳಿ

ಲಟ್ಟಣಿಗೆಗೆ ಇದು ಹೇಳಿ ಮಾಡಿಸಿದ ಕಟ್ಟಿಗೆ. ತೂಕವಿದೆ, ಬಾಗುವುದಿಲ್ಲ, ನಾರು ಬಿಗಿಯಾಗಿರುವುದರಿಂದ ಹಿಟ್ಟು ಸಂದಿನಲ್ಲಿ ಕೂರುವುದಿಲ್ಲ. ಒಣಗಿದ ಕೆಚ್ಚಿನಿಂದ ಮಾತ್ರ ಮಾಡಿಸಿ. ಬಿರುಕಿಗೆ ಅಂಟು ತುಂಬಿದ ತುಂಡನ್ನು ಅಡುಗೆಯ ಸಾಮಾನಿಗೆ ಒಪ್ಪಿಕೊಳ್ಳಬೇಡಿ. ಕಡಗೋಲಿನ ವಿಚಾರದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ದಿನವೂ ಹುಳಿ ಮಜ್ಜಿಗೆಯಲ್ಲಿ ನೆನೆದು ಒಣಗುವ ಸಾಮಾನು ಅದು, ಜೊತೆಗೆ ಅದರ ಹಲ್ಲುಗಳು ಎಳೆಗೆ ಅಡ್ಡವಾಗಿ ನಿಲ್ಲುತ್ತವೆ. ಗಂಟು ಬಿದ್ದ ಜಾಲಿಯಲ್ಲಿ ಆ ಹಲ್ಲುಗಳು ಒಡೆಯುವ ಸಂಭವವೇ ಹೆಚ್ಚು.

ಎಣ್ಣೆಯಲ್ಲಿ ಎರಡು ಜಾತಿಯಿವೆ: ಗಾಳಿಗೆ ಗಟ್ಟಿಯಾಗಿ ಪೊರೆ ಕಟ್ಟುವಂಥವು, ಎಷ್ಟು ದಿನವಾದರೂ ಜಿಡ್ಡಾಗಿಯೇ ಉಳಿಯುವಂಥವು. ನಮ್ಮ ಮನೆಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಶೇಂಗಾ ಎಣ್ಣೆಯೂ ಕೊಬ್ಬರಿ ಎಣ್ಣೆಯೂ ಎರಡನೆಯ ಜಾತಿಯವು. ಅವುಗಳಲ್ಲಿ ಶೇಂಗಾ ಎಣ್ಣೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಹಿಂಡಿಗೆ ಅಗಸಿ, ಒಗ್ಗರಣೆಗೆ ಕುಸುಬಿ ಎಣ್ಣೆ ಬಳಸುವ ನಮ್ಮ ಸೀಮೆಯವರ ಅದೃಷ್ಟವೆಂದರೆ, ಈ ಎರಡೂ ಕಾಳುಗಳ ಎಣ್ಣೆ ಒಣಗುವ ಜಾತಿಗೆ ಸೇರಿದವು. ಗಾಣದಲ್ಲಿ ತೆಗೆಸಿದ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಒರೆಸಿ, ಅರ್ಧ ಗಂಟೆಯ ನಂತರ ಮೇಲೆ ನಿಂತದ್ದನ್ನು ಒರೆಸಿ ತೆಗೆಯಿರಿ. ವಾರ ಬಿಟ್ಟು ಮತ್ತೊಮ್ಮೆ, ಹೀಗೆ ಮೂರು ಸಲ. ಕುಸುಬಿ ಎಣ್ಣೆ ಇನ್ನೂ ನಿಧಾನ, ಆದರೆ ಅಗಸೆಯಷ್ಟು ಹಳದಿಗೆ ತಿರುಗುವುದಿಲ್ಲ. ಬಣ್ಣದಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಅದನ್ನು ಲಟ್ಟಣಿಗೆಗೆ ಹಚ್ಚಬಾರದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿಗೆ ಹೋಗಲು ದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ತಂತಿಯ ಮೇಲೆ ಹರವಿ ಒಣಗಿಸಿ.

ಲೇಥನ್ನು ಎಷ್ಟು ವೇಗದಲ್ಲಿ ಓಡಿಸಬೇಕು? ಜಾಲಿಯ ಧೂಳಿಗೆ ನನಗೆ ಸೀನು ನಿಲ್ಲುವುದಿಲ್ಲ. ಇದು ಈ ಮರದ್ದೇ ದೋಷವೇ?
— ಓದುಗರು, ರಾಣೆಬೆನ್ನೂರು

ಇಂಚಿನಲ್ಲಿ ಅಳೆದ ಅಗಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದ ನಡುವೆ ಬರಬೇಕೆಂಬುದು ಕಡೆಯುವವರ ಹಳೆಯ ಲೆಕ್ಕ. ಎರಡು ಇಂಚಿನ ಹಿಡಿಕೆಗೆ 3000 ಸುತ್ತುಗಳಿಂದ ಮೇಲೆ, ಆರು ಇಂಚಿನ ಬಟ್ಟಲಿಗೆ 1000ದಿಂದ 1500. ಜಾಲಿಗೆ ನಾನು ಈ ಲೆಕ್ಕದ ಕೆಳಗಿನ ಅಂಚನ್ನೂ ದಾಟುವುದಿಲ್ಲ. ತುಂಡು ದುಂಡಾಗುವ ತನಕ ಅದರ ಅರ್ಧ ವೇಗ ಸಾಕು. ಕೆಚ್ಚು ಒಂದು ಪಕ್ಕಕ್ಕೂ ಬಿಳಿಭಾಗ ಇನ್ನೊಂದು ಪಕ್ಕಕ್ಕೂ ಬಂದರೆ ಲೇಥು ಕುಣಿಯುತ್ತದೆ. ತುಂಡಿಗೆ ಇನ್ನೊಂದು ತುದಿಯಿಂದ ಆಸರೆ ಕೊಡುವ ಟೇಲ್‌ಸ್ಟಾಕ್ ಕೊನೆಯ ಗಳಿಗೆಯವರೆಗೂ ಒತ್ತಿಕೊಂಡೇ ಇರಲಿ. ಮುಖಕ್ಕೆ ಪಾರದರ್ಶಕ ಕವಚ ಬೇಕು. ಕನ್ನಡಕವೊಂದೇ ಸಾಲದೆಂದು ಮೇಲೆ ಹೇಳಿದ ನನ್ನ ಟ್ಯೂಬ್‌ಲೈಟ್ ಸಾಕ್ಷಿ. ಹೆಗಲ ಮೇಲಿನ ಟವೆಲ್, ಉದ್ದ ತೋಳಿನ ಅಂಗಿ, ಮಣಿಕಟ್ಟಿನ ದಾರ ಯಾವುದೂ ಲೇಥಿನ ಹತ್ತಿರ ಬರಬಾರದು.

ಸೀನಿನ ವಿಚಾರದಲ್ಲಿ ಮರದ ಪಾಲೂ ಇದೆ, ನಿಮ್ಮ ಪಾಲೂ ಇದೆ. ಬಳ್ಳಾರಿ ಜಾಲಿಯ ಪರಾಗ ನಮ್ಮ ದೇಶದಲ್ಲಿ ಅಲರ್ಜಿಗೆ ಹೆಸರಾದದ್ದು. ಇದೇ ಕುಲದ ಮರಗಳ ಧೂಳು ಮೂಗು, ಕಣ್ಣು, ಚರ್ಮಗಳನ್ನು ಕೆಣಕುವುದೂ ಉಂಟು. ಆದರೆ ಯಾವ ಮರದ ಧೂಳೂ ಸಾಧುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಸೀನು ಬರಲಿ ಬಿಡಲಿ ಎನ್–95 ಮಾಸ್ಕ್ ಕಟ್ಟಿಕೊಳ್ಳಲೇಬೇಕು. ನುಣ್ಣನೆಯ ಧೂಳು ಏಳುವುದು ಉಳಿಯಿಂದಲ್ಲ, ಸ್ಯಾಂಡ್ ಪೇಪರಿನಿಂದ. ಉಳಿಯನ್ನು ಆಗಾಗ ಸಾಣೆ ಹಿಡಿದು ಚೆನ್ನಾಗಿ ಕೊಯ್ದರೆ ಈ ಕಟ್ಟಿಗೆಗೆ ಉಜ್ಜುವ ಕೆಲಸ ಬಹಳ ಉಳಿಯುವುದಿಲ್ಲ. ಉಳಿದದ್ದನ್ನು ಎಣ್ಣೆ ಹಚ್ಚಿ ಒದ್ದೆಯಲ್ಲೇ ಉಜ್ಜಿದರೆ ಧೂಳು ಹಾರದೆ ಕೆಸರಾಗಿ ಕೂರುತ್ತದೆ.

ಕಟ್ಟಿಗೆ ಇಷ್ಟು ಒಳ್ಳೆಯದಾದರೆ, ಖಾಲಿ ಬಿದ್ದ ನಮ್ಮ ಎರಡು ಎಕರೆಯಲ್ಲಿ ಇದನ್ನೇ ಬೆಳೆಸಬಾರದೇಕೆ? ಊರಿನಲ್ಲಿ ಕೆಲವರು ಇದನ್ನೂ ಕರಿಜಾಲಿಯನ್ನೂ ಒಂದೇ ಎನ್ನುತ್ತಾರೆ, ಹೌದೇ?
— ರೈತರು, ಶಿರಹಟ್ಟಿ ತಾಲೂಕು

ದಯವಿಟ್ಟು ಬೆಳೆಸಬೇಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ ಖಂಡದ ಕಡೆಯಿಂದ ಇದರ ಬೀಜ ತರಿಸಿದವರೂ ಉರುವಲಿಗೆ, ಬರಡು ನೆಲಕ್ಕೆ ಒಳ್ಳೆಯದೆಂದೇ ತರಿಸಿದರು. ಸಿಹಿಯಾದ ಕಾಯನ್ನು ಆಡು, ದನ ತಿಂದು, ಬೀಜವನ್ನು ಗೊಬ್ಬರದ ಜೊತೆ ಊರೆಲ್ಲ ಬಿತ್ತುತ್ತವೆ. ನಿಮ್ಮ ಬೇಲಿ ಅದನ್ನು ತಡೆಯಲಾರದು. ನೆಲದ ಮೇಲೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರುತ್ತವೆ. ಬುಡದ ಗಡ್ಡೆಯನ್ನು ಒಂದು ಅಡಿ ಆಳದಿಂದ ಕತ್ತರಿಸಿ ತೆಗೆದರೆ ಮಾತ್ರ ಅದರ ಕಾಟ ತಪ್ಪುತ್ತದೆ. ನಮ್ಮ ಲೇಥುಗಳಿಗೆ ಬೇಕಾದಷ್ಟು ಕಟ್ಟಿಗೆ ಕೆರೆಯಂಗಳಗಳಲ್ಲಿ, ಹಳ್ಳದ ದಂಡೆಗಳಲ್ಲಿ ಈಗಾಗಲೇ ನಿಂತಿದೆ. ಅಲ್ಲಿಯೂ ಪಂಚಾಯಿತಿಯನ್ನು ಕೇಳಿಯೇ ಕಡಿಯಬೇಕು. ಕಪ್ಪತಗುಡ್ಡದಂಥ ಅರಣ್ಯ ಪ್ರದೇಶದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಟೊಂಗೆಯನ್ನೂ ಮುಟ್ಟಬಾರದು.

ಕರಿಜಾಲಿ ಬೇರೆ ಮರ. ಅದು ನಮ್ಮದೇ ನೆಲದ್ದು, ಗಾಡಿಯ ಗಾಲಿಗೂ ಒಕ್ಕಲುತನದ ಸಾಮಾನುಗಳಿಗೂ ನಮ್ಮ ಬಡಿಗರು ನಂಬಿಕೊಂಡು ಬಂದದ್ದು. ಗುರುತು ಸುಲಭ. ಕರಿಜಾಲಿಯ ಹೂವು ಗುಂಡನೆಯ ಅರಿಸಿನ ಬಣ್ಣದ ಚೆಂಡು, ಕಾಯಿ ಮಣಿ ಪೋಣಿಸಿದಂತೆ ನಡುನಡುವೆ ಹಿಚುಕಿದ್ದು. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ಮಾಸಲು ಹಳದಿಯ ತೆನೆ, ಕಾಯಿ ಚಪ್ಪಟೆಯಾಗಿ ಉದ್ದಕ್ಕೆ ಒಂದೇ ಸಮ, ಹಣ್ಣಾದಾಗ ಹಳದಿ. ಹೊಲ ಹಸನು ಮಾಡಿಸುವ ಭರದಲ್ಲಿ ಕರಿಜಾಲಿಯೂ ಜೆಸಿಬಿಯ ಬಾಯಿಗೆ ಹೋಗುವುದನ್ನು ನೋಡಿದ್ದೇನೆ. ಯಂತ್ರ ಬರುವ ಮುಂಚಿನ ದಿನ ಉಳಿಸಬೇಕಾದ ಮರಗಳಿಗೆ ಸುಣ್ಣದ ಪಟ್ಟಿ ಹೊಡೆಸಿಡಿ.

ಜಾತ್ರೆಯಲ್ಲಿ ಬಳ್ಳಾರಿ ಜಾಲಿಯ ಬಟ್ಟಲೊಂದನ್ನು ಕೊಂಡೆ. ತಂದಾಗ ಜೇನಿನ ಬಣ್ಣವಿತ್ತು, ವರ್ಷದೊಳಗೆ ಕಂದುಗೆಂಪಾಯಿತು. ಬಣ್ಣ ಬಳಿದು ಮೋಸ ಮಾಡಿದರೇ? ಚನ್ನಪಟ್ಟಣದವರಂತೆ ಇದಕ್ಕೆ ಅರಗಿನ ಬಣ್ಣ ಕೊಡಿಸಬಹುದೇ?
— ನಿವೃತ್ತ ಶಿಕ್ಷಕಿ, ಧಾರವಾಡ

ಮೋಸವಲ್ಲ ತಾಯಿ, ಅದು ಬೆಳಕಿನ ಕೆಲಸ. ಈ ಕಟ್ಟಿಗೆ ಹೊಸದಾಗಿ ಕೊಯ್ದಾಗ ತಿಳಿಯಾಗಿದ್ದು, ಬೆಳಕಿಗೂ ಗಾಳಿಗೂ ತೆರೆದುಕೊಂಡಂತೆ ಗಾಢವಾಗುತ್ತದೆ. ಅರಗಿನ ಬಣ್ಣವನ್ನು ನಾನಾದರೆ ಕೊಡಿಸುವುದಿಲ್ಲ. ಚನ್ನಪಟ್ಟಣದವರು ಬಳಸುವ ಹಾಲೆಮರ ಮೆತ್ತಗಿದೆ, ದಂತದಂತೆ ಬೆಳ್ಳಗಿದೆ. ತಿರುಗುವಾಗಿನ ತಿಕ್ಕಾಟದ ಬಿಸಿಗೆ ಕರಗಿ ಹತ್ತಿದ ಅರಗಿನ ಕೆಂಪು, ಹಳದಿ ಅದರ ಮೇಲೆ ಎದ್ದು ಕಾಣುತ್ತವೆ. ಜಾಲಿಯ ಕೆಚ್ಚಿನ ಮೇಲೆ ಅದೇ ಬಣ್ಣ ಮಂಕಾಗುತ್ತದೆ, ಅದರ ಸ್ವಂತ ಬಣ್ಣವೂ ಮುಚ್ಚಿಹೋಗುತ್ತದೆ. ಅನುಮಾನವಿದ್ದರೆ ಬಟ್ಟಲನ್ನು ಬೋರಲು ಹಾಕಿ ನೋಡಿ. ಬೆಳಕು ತಾಗದ ಅಡಿಯಲ್ಲಿ ನೀವು ಜಾತ್ರೆಯಲ್ಲಿ ಕಂಡ ಜೇನಿನ ಬಣ್ಣ ಒಂದಿಷ್ಟಾದರೂ ಉಳಿದಿರುತ್ತದೆ.